ನಾಲ್ಕು ಜನರಿಗೆ ಮಾತ್ರ

ಮಾರ್ಲಿಸ್ ಎಕ್‌ಡಾಲ್ ಹತ್ತೊಂಬತ್ತು ವರ್ಷ ಬೇರೆಯವರ ಮನೆ ತೊಳೆದವಳು. ಪೈಕ್‌ವಾಟರ್ ಕೌಂಟಿಯ ಸರೋವರದ ಸುತ್ತ ಬೇಸಿಗೆಯಲ್ಲಿ ವಾರಗಟ್ಟಲೆ ಬಾಡಿಗೆಗೆ ಬಿಡುವ ಮನೆಗಳಲ್ಲಿ ಅವಳು ಕಾಲಿಡದ ಮನೆ ಕಡಿಮೆ. ಶನಿವಾರ ಹನ್ನೊಂದಕ್ಕೆ ಒಂದು ತಂಡ ಹೊರಡುತ್ತಿತ್ತು, ನಾಲ್ಕಕ್ಕೆ ಇನ್ನೊಂದು ಬಂದಿಳಿಯುತ್ತಿತ್ತು. ನಡುವಿನ ಹೊತ್ತಿನಲ್ಲಿ ಹಾಸಿಗೆ ಬದಲಿಸಿ, ಬಚ್ಚಲು ಉಜ್ಜಿ, ಒಲೆಗೆ ಹತ್ತಿದ ಮೀನಿನ ಜಿಡ್ಡು ಕೆರೆದು ಮುಗಿಸಬೇಕು. ಐವತ್ತೆಂಟನೇ ವಯಸ್ಸಿಗೆಲ್ಲ ಅವಳ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು.

ಅವಳದು ಅಂತಲೂ ಬಾಡಿಗೆಗೆ ಬಿಡುವ ಒಂದು ಮನೆಯಿತ್ತು. ಮುಚ್ಚಿಹೋದ ದೋಣಿ ಅಂಗಡಿಯ ಹಿಂದಿನ ಹಲಗೆ ಮನೆ. ಎರಡು ಮಲಗುವ ಕೋಣೆ, ಮೇಲೊಂದು ಅಟ್ಟ. ಎಂಟು ವರ್ಷದಿಂದ ಪ್ರತಿ ಜುಲೈಗೆ ಮಿಲ್ವಾಕಿಯ ಜಲಾರ್ ಕುಟುಂಬ ಅಲ್ಲಿಗೆ ಬರುತ್ತಿತ್ತು. ಏಳು ಜನ. ಮನೆಯ ಹಿರಿಯಳು ಇರ್ಮಾ ಬಂದ ದಿನವೇ ಅಕ್ರೋಟು ತುಂಬಿದ ಸಿಹಿ ರೊಟ್ಟಿ ಸುಟ್ಟು ಮಾರ್ಲಿಸ್‌ಳನ್ನು ಕೂರಿಸಿಕೊಂಡು ತಿನ್ನಿಸುವಳು. ವರ್ಷದಲ್ಲಿ ಮಾರ್ಲಿಸ್‌ಗೆ ಕೂತಲ್ಲಿಗೆ ಊಟ ಬರುತ್ತಿದ್ದುದು ಅದೊಂದು ದಿನ.

ಆ ಚಳಿಗಾಲ ಜಿಲ್ಲೆಯ ಆಡಳಿತ ನಡೆಸುವ ಕೌಂಟಿಯವರು ಹೊಸ ನಿಯಮದ ಕರಡು ಹೊರಡಿಸಿದರು. ಬಾಡಿಗೆಗೆ ಬಿಡುವ ಪ್ರತಿ ಮನೆಗೂ ಲೈಸೆನ್ಸು ಬೇಕು. ಮಲಗುವ ಕೋಣೆಗೆ ಇಬ್ಬರಂತೆ ಮಾತ್ರ ಜನ. ಸೆಪ್ಟಿಕ್ ಟ್ಯಾಂಕು ಅಷ್ಟು ಜನರಿಗೆ ಸಾಲುವಷ್ಟು ದೊಡ್ಡದಿರಬೇಕು. ತನ್ನ ಗತಿ ಮೊದಲೇ ಗೊತ್ತಾಗಲಿ ಎಂದು ಮಾರ್ಲಿಸ್, ಕೌಂಟಿಯ ತಪಾಸಣೆಯ ಕೆಲಸದಲ್ಲಿದ್ದ ಡ್ವೇನ್ ಕಿವೆಲಾನನ್ನು ಕರೆಸಿದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಡ್ವೇನ್ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿದ. ಅಟ್ಟ ಹತ್ತಿ ಕಿಟಕಿಗೆ ಅಳತೆ ಟೇಪು ಹಿಡಿದ.

"ಇದು ಕೋಣೆ ಅನ್ನಿಸ್ಕೊಳಲ್ಲ ಕಣೇ. ಬೆಂಕಿ ಬಿದ್ರೆ ಈ ಕಿಟಕೀಲಿ ಬೆಕ್ಕೂ ತೂರಲ್ಲ."

"ಕಿಟಕಿ ದೊಡ್ಡದು ಮಾಡಿಸ್ತೀನಿ."

"ಮಾಡಿಸ್ಕೋ. ಕೆಳಗಿನ ಟ್ಯಾಂಕು ಎರಡು ಕೋಣೇದೇ. ದೊಡ್ಡದು ಹೂಳೋಣ ಅಂದ್ರೆ ಜಾಗ ಇಲ್ಲ, ಆಕಡೆ ಬಾವಿ, ಈಕಡೆ ಸರೋವರ. ನಾಲ್ಕೇ ಜನ, ಮಾರ್ಲಿಸ್."

"ಶಾಲೇಲಿ ನನ್ನ ಲೆಕ್ಕ ನೋಡಿ ಬರೀತಿದ್ದೋನು, ಈಗ ನಂಗೇ ಲೆಕ್ಕ ಹೇಳ್ಕೊಡ್ತೀಯಾ?"

"ನಿನ್ನ ನೋಡಿ ಬರೆದೇ ಅಲ್ವಾ ಫೇಲಾಗಿದ್ದು," ಎಂದ ಡ್ವೇನ್. ಇಬ್ಬರೂ ನಕ್ಕರು. ನಕ್ಕ ಮೇಲೂ ನಾಲ್ಕು ನಾಲ್ಕಾಗಿಯೇ ಉಳಿಯಿತು.

ಮರುವಾರ ಟ್ರೆಂಟ್ ಹೋಲ್ಬ್ರುಕ್ ಫೋನು ಮಾಡಿದ. ನಗರದಲ್ಲಿ ಕೂತು ಇಲ್ಲಿ ಹನ್ನೊಂದು ಮನೆ ಬಾಡಿಗೆಗೆ ಬಿಟ್ಟವನು. ಮಾರ್ಲಿಸ್‌ಳ ಅರ್ಧ ಕೆಲಸ ಅವನ ಮನೆಗಳಲ್ಲೇ.

"ಕೌಂಟಿ ಸಭೇಲಿ ನೀವು ಮಾತಾಡ್ಬೇಕು. ನಾವು ಹೊರಗಿನೋರು ಏನು ಹೇಳಿದ್ರೂ ಕಿವಿಗೆ ಹಾಕ್ಕೊಳಲ್ಲ. ನೀವು ಇದೇ ಊರೋರು, ದುಡಿದು ತಿನ್ನೋರು. ಈ ನಿಯಮ ಬಡವರ ಹೊಟ್ಟೆ ಮೇಲೆ ಹೊಡಿಯುತ್ತೆ ಅಂತ ಹೇಳಿ, ಸಾಕು."

ಮಾರ್ಲಿಸ್ ಆಗಲಿ ಎಂದಳು. ಅವನ ಮಾತು ಸುಳ್ಳೂ ಆಗಿರಲಿಲ್ಲ.

ಏಪ್ರಿಲ್‌ನಲ್ಲಿ ಸಭೆ ನಡೆಯಿತು. ಒಬ್ಬೊಬ್ಬರಿಗೆ ಮೂರು ನಿಮಿಷ. ಹೋಲ್ಬ್ರುಕ್ ಮುಂದಿನ ಸಾಲಿನಿಂದ ತಿರುಗಿ ಅವಳಿಗೆ ತಲೆಯಾಡಿಸಿದ. ಅವನು ಹೇಳಿದ್ದನ್ನು ಬರೆದುಕೊಂಡಿದ್ದ ಚೀಟಿಯನ್ನು ಓದಲು ಹೊರಟ ಮಾರ್ಲಿಸ್‌ಗೆ, ಹಿಂದಿನ ಆಗಸ್ಟಿನಲ್ಲಿ ಅವನದೇ ಮನೆಯೊಂದರ ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ಕೊಳಚೆಯಲ್ಲಿ ನಿಂತದ್ದು ನೆನಪಾಯಿತು. ಚೀಟಿ ಮಡಚಿದಳು.

"ಈ ನಿಯಮ ಬಂದ್ರೆ ನಂಗೆ ನಷ್ಟ. ಎಂಟು ವರ್ಷದಿಂದ ಬರೋರನ್ನ ಬೇಡ ಅನ್ಬೇಕಾಗುತ್ತೆ," ಎಂದಳು. "ಆದ್ರೆ ನಾನು ಈ ಮನೆಗಳನ್ನ ತೊಳಿಯೋಳು. ಮೂರು ಕೋಣೆ ಮನೇಲಿ ಇಪ್ಪತ್ತೆರಡು ಜನ ಮಲಗಿದ್ದು ನೋಡಿದೀನಿ, ಹಾಸಿಗೆ ಎಣಿಸಿದ್ದೇ ನಾನು. ಟ್ಯಾಂಕು ತುಂಬಿ ಮನೆಯೊಳಗೇ ಉಕ್ಕಿತ್ತು. ಬಕೀಟಲ್ಲಿ ತುಂಬಿ ತುಂಬಿ ಹೊರಗೆ ಹಾಕ್ದೆ. ಉಳಿದಿದ್ದು ಸರೋವರಕ್ಕೇ ಹೋಯ್ತು. ಮಾಲೀಕರಿಗೆ ಹೇಳ್ದೆ. ಇನ್ನೊಂದು ಸಲ ಬ್ಲೀಚ್ ಹಾಕಿ ಅಂದ್ರು. ನಿಯಮ ಬೇಕು. ಅಷ್ಟೇ."

ಮೂರು ನಿಮಿಷ ಪೂರ್ತಿ ಆಗಿರಲಿಲ್ಲ. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಅವಳು ಯಾರ ಮನೆ ತೊಳೆಯುತ್ತಾಳೆಂದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಿಯಮ ಪಾಸಾಯಿತು. ಮೂರು ದಿನಕ್ಕೆ ಹೋಲ್ಬ್ರುಕ್‌ನ ಕಡೆಯಿಂದ ಒಂದು ಸಾಲಿನ ಸಂದೇಶ ಬಂತು: ಇನ್ನು ಮುಂದೆ ತಾವು ಬರಬೇಕಾಗಿಲ್ಲ. ಮಾರ್ಲಿಸ್ ಅವನ ಹನ್ನೊಂದು ಬೀಗದ ಕೈಗಳನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟು ಬಂದಳು. ಸಿಟ್ಟು ಬರುತ್ತದೆಂದು ಕಾದಳು, ಬರಲಿಲ್ಲ. ಆ ಮಧ್ಯಾಹ್ನ ಬೂಟು ಕೂಡ ಬಿಚ್ಚದೆ ಸೋಫಾದ ಮೇಲೆ ನಿದ್ದೆ ಹೋದಳು.

ಆಮೇಲೆ ಇರ್ಮಾಗೆ ಫೋನು ಮಾಡುವುದೊಂದು ಉಳಿದಿತ್ತು. ಎರಡು ವಾರ ಮುಂದೂಡಿ ಮಾಡಿದಳು.

"ಏಳರಲ್ಲಿ ಯಾವ ಮೂರನ್ನ ಬಿಟ್ಟು ಬರ್ಲಿ ಹೇಳು?" ಎಂದಳು ಇರ್ಮಾ.

"ಹೇಳಕ್ಕಾಗಲ್ಲ ಅಮ್ಮಾ."

"ಒಬ್ಬ ಅಳಿಯನ್ನ ಬೇಕಾದ್ರೆ ಸಂತೋಷವಾಗಿ ಬಿಡ್ತೀನಿ. ಇನ್ನಿಬ್ಬರು ಸಿಗಲ್ವಲ್ಲ."

ನಗು ಮುಗಿದ ಮೇಲೆ ಮಾರ್ಲಿಸ್ ಕ್ಯಾಲೆಂಡರಿನ ಜುಲೈ ಪುಟದಲ್ಲಿ ಬರೆದಿದ್ದ ಅವರ ಹೆಸರನ್ನು ಹೊಡೆದುಹಾಕಿದಳು.

ಬೇಸಿಗೆಯ ಹೊತ್ತಿಗೆ ಹೋಲ್ಬ್ರುಕ್ ಎರಡು ಮನೆ ಮಾರಿ, ಉಳಿದವಕ್ಕೆ ದೊಡ್ಡ ಟ್ಯಾಂಕು ಹೂಳಿಸಿ ಲೈಸೆನ್ಸು ಪಡೆದ. ಜಲಾರ್ ಕುಟುಂಬ ಆ ಜುಲೈಗೆ ಇಳಿದುಕೊಂಡದ್ದು ಅವುಗಳಲ್ಲೊಂದು ಮನೆಯಲ್ಲಿ. ಏಳು ಜನರಿಗೆ ಬೇರೆಲ್ಲೂ ಜಾಗ ಸಿಗಲಿಲ್ಲವಂತೆ. ಇರ್ಮಾ ಒಂದು ಸಂಜೆ ಮಗಳ ಕಾರಿನಲ್ಲಿ ಬಂದು, ಮಾರ್ಲಿಸ್‌ಳ ಅಡುಗೆಮನೆಯಲ್ಲಿ ಕೂತಳು.

"ಆ ಮನೆ ಒಲೇಲಿ ರೊಟ್ಟಿ ಸರಿಯಾಗಿ ಬೇಯಲ್ಲ," ಎಂದಳು. "ಶುಚಿಯಾಗೂ ಇಲ್ಲ."

"ಯಾರು ತೊಳೀತಾರೋ ಈಗ."

"ಯಾರಾದ್ರೂ ಆಗ್ಲಿ, ನೀನಂತೂ ಅಲ್ಲ. ನೀನು ಆ ಸಭೇಲಿ ಬಾಯಿ ಮುಚ್ಕೊಂಡಿದ್ರೆ?"

ಮಾರ್ಲಿಸ್ ಕಾಫಿ ಬಗ್ಗಿಸಿದಳು. "ಆಗ್ಲೂ ನಿಯಮ ಬರ್ತಿತ್ತು, ನಾಲ್ಕೇ ಜನ, ಅಮ್ಮಾ. ಕೆಲಸ ಉಳೀತಿತ್ತು, ಅಷ್ಟೇ. ಬಕೀಟು ಹೊತ್ತೂ ಹೊತ್ತೂ ಸಾಕಾಗಿತ್ತು."

ಇರ್ಮಾ ಕಾಫಿ ಕುಡಿದು ಮುಗಿಸಿದಳು. ಹೊರಟಾಗ ಮಾರ್ಲಿಸ್ ಮೆಟ್ಟಿಲವರೆಗೂ ಬಂದು ಅವಳ ತೋಳು ಹಿಡಿದು ಇಳಿಸಿದಳು. ಇಬ್ಬರ ಮೊಣಕಾಲೂ ನೋಯುತ್ತಿತ್ತು, ಮೂರು ಮೆಟ್ಟಿಲಿಗೆ ಬಹಳ ಹೊತ್ತು ಹಿಡಿಯಿತು.