ಪುಟ್ಟಸ್ವಾಮಿ ಸರ್ ಕುಯ್ಯದೆ ಬಿಟ್ಟ ಅಪೆಂಡಿಕ್ಸ್

ಅಪೆಂಡಿಕ್ಸ್ ಕತ್ತರಿಸಿ ತೆಗೆದ ಮೇಲೆ ಡಾಕ್ಟರ್ ಪುಟ್ಟಸ್ವಾಮಿ ಅದನ್ನು ಬೈಯುತ್ತಿದ್ದರು. ಕಿರುಬೆರಳಿನಷ್ಟು ಉದ್ದದ ಆ ಮಾಂಸದ ಚೂರನ್ನು ಸ್ಟೀಲ್ ಟ್ರೇಯಲ್ಲಿ ಮಲಗಿಸಿ, ಮಾಸ್ಕಿನ ಮೇಲೆ ಕಾಣುವ ಕಣ್ಣನ್ನು ಕಿರಿದು ಮಾಡಿ, "ಸಿಕ್ಕಿದ್ಯಾ ಮಗನೆ? ಇನ್ನೊಂದಿನ ಬುಟ್ಟಿದ್ರೆ ಒಂದು ಮನೆ ಹಾಳ್ ಮಾಡ್ತಿದ್ದೆ, ಅಲ್ವಾ?" ಎನ್ನುವರು. ಆಮೇಲೆ ನಾನು ಟ್ರೇ ಹಿಡಿದು ಹೊರಗೆ ಹೋಗಿ ರೋಗಿಯ ಕಡೆಯವರಿಗೆ ತೋರಿಸಬೇಕು. ಹಾಗೆ ತೋರಿಸುವ ರೂಢಿ ಎಲ್ಲ ಕಡೆ ಇದೆ. ನಮ್ಮಲ್ಲಿ ಮಾತ್ರ ಸರ್ ನನ್ನ ಹಿಂದೆಯೇ ಬಂದು, "ನೋಡ್ಕೊಳ್ಳಿ, ಇವನೇ ಕಳ್ಳ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು.

ನಾನು ಅವರ ಆಪರೇಷನ್ ಥಿಯೇಟರಿನಲ್ಲಿ ಹದಿನೆಂಟು ವರ್ಷ ಸಿಸ್ಟರ್ ಆಗಿದ್ದವಳು. ಅವರು ಬಲಗೈ ಚಾಚಿದರೆ ಸಾಕು, ಕತ್ತರಿಯೋ ಇಕ್ಕಳವೋ ಎಂದು ಕೇಳುವ ಮೊದಲೇ ಕೊಡುತ್ತಿದ್ದೆ. "ನಾಗರತ್ನಮ್ಮ ಇದ್ರೆ ನನಗೆ ಬಾಯಿಗೆ ಕೆಲ್ಸ ಇಲ್ಲ ಕಣ್ರೀ" ಎಂದು ಹೊಸ ಡಾಕ್ಟರುಗಳ ಮುಂದೆ ಹೊಗಳುತ್ತಿದ್ದರು. ಆ ಹೊಗಳಿಕೆಗೆ ನಾನು ಎಷ್ಟೋ ಸಲ ಊಟ ಬಿಟ್ಟು ನಿಂತಿದ್ದೇನೆ.

ಅವರ ಊರು ಮೈಸೂರಿನಿಂದ ಮಂಡಕಳ್ಳಿ ದಾಟಿ ಇನ್ನೂ ಬಹಳ ಒಳಗೆ. ಚಿಕ್ಕಂದಿನಲ್ಲಿ ಅಲ್ಲಿ ನಡೆದದ್ದನ್ನು ಒಮ್ಮೆ ಕಾಫಿ ಕುಡಿಯುತ್ತ ಹೇಳಿದ್ದರು. "ನನಗೆ ಒಂಬತ್ತು, ಅಕ್ಕನಿಗೆ ಹದಿಮೂರು. ಹೊಟ್ಟೆನೋವು ಅಂದ್ಳು, ಹರಳೆಣ್ಣೆ ಕುಡಿಸಿದ್ರು. ಮಾರನೇ ದಿನ ಶಾಖ ಕೊಟ್ರು. ನಾಲ್ಕನೇ ದಿನ ಗಾಡಿ ಕಟ್ಟಿದ್ರು. ಮೈಸೂರು ಸಿಕ್ಕೋಕೆ ಮುಂಚೇನೇ ಅಕ್ಕ ಹೋಗ್ಬುಟ್ಲು. ಒಳಗೆ ಒಡೆದೋಗಿತ್ತು ಕಣಮ್ಮ. ಒಬ್ಬ ಸರ್ಜನ್ ಹತ್ರದಲ್ಲಿದ್ದಿದ್ರೆ ಉಳೀತಿದ್ಲು. ಎಲ್ರೂ ಇದನ್ನ ನನ್ನ ಉದ್ಯೋಗ ಅಂತಾರೆ. ಉದ್ಯೋಗ ಅಲ್ಲ, ಸೇಡು."

ಸೇಡೇ ಸರಿ. ಇಂಜೆಕ್ಷನ್ನಿನಲ್ಲೇ ವಾಸಿಮಾಡಬಹುದೇನೋ ಎಂದು ಯಾರಾದರೂ ಫಿಸಿಷಿಯನ್ ಹೇಳಿದರೆ ಸರ್ ಮುಖ ಕೆಂಪಾಗುತ್ತಿತ್ತು. "ಕಳ್ಳನಿಗೆ ಕಾಫಿ ಕೊಟ್ಟು ಸಮಾಧಾನ ಮಾಡೋ ಜನ" ಎಂದು ಗೊಣಗುವರು. ಒಬ್ಬ ಮೇಷ್ಟ್ರು ಮಗಳ ಮದುವೆಗೆ ಹದಿನೈದು ದಿನ ಇದೆ ಎನ್ನುವಾಗ ನೋವು ಎದ್ದು ಬಂದರು. "ಮಾತ್ರೆ ಕೊಟ್ಟು ಒಂದು ತಿಂಗಳು ತಳ್ಳಿ ಸರ್" ಎಂದು ಕೈ ಮುಗಿದರು. ಸರ್, "ಅರ್ಧ ಹೊಡೆದ ಹಾವನ್ನ ಮದುವೆ ಮನೆಗೆ ಕರ್ಕೊಂಡೋಗ್ತೀರೇನ್ರೀ?" ಎಂದವರೇ ಸಂಜೆಯೊಳಗೆ ಕುಯ್ದು ಮುಗಿಸಿದರು. ಮೇಷ್ಟ್ರು ಹೊಟ್ಟೆಗೆ ಕೈ ಒತ್ತಿಕೊಂಡೇ ಧಾರೆ ಎರೆದರಂತೆ. ನನಗೂ ಸರ್ ಮಾತೇ ವೇದವಾಗಿತ್ತು.

ಕೊರೊನಾದ ಮೊದಲ ವರ್ಷ ನನ್ನ ಹೊಟ್ಟೆಯ ಬಲಗಡೆ ಕೆಳಗೆ ನೋವು ಹಿಡಿಯಿತು. ಎಲ್ಲಿ ಒತ್ತಿದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ಕ್ಯಾನಿಂಗಿನಲ್ಲಿ ಅಪೆಂಡಿಕ್ಸ್ ಊದಿಕೊಂಡದ್ದು ಕಂಡಿತು. ಅದೇ ದಿನ ಮೂಗಿನ ಪರೀಕ್ಷೆಯೂ ಪಾಸಿಟಿವ್ ಬಂತು, ಕೆಮ್ಮಿಗೆ ಎದೆ ಕೀಳುತ್ತಿತ್ತು. ಇರಲಿ, ಸರ್ ಇದ್ದಾರೆ, ನಾಳೆ ಬೆಳಿಗ್ಗೆ ನನ್ನ ಟ್ರೇಯನ್ನು ಬೇರೆ ಯಾರೋ ಹಿಡಿಯುತ್ತಾರೆ ಎಂದುಕೊಂಡೆ.

ಸರ್ ಬಂದರು, ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡು. ಬಾಗಿಲಲ್ಲೇ ನಿಂತು, "ನಾಗರತ್ನಮ್ಮ, ಕುಯ್ಯಲ್ಲ. ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಹಾಕ್ತೀನಿ" ಎಂದರು.

"ನನಗಾ ಸರ್?"

"ಪ್ರಜ್ಞೆ ತಪ್ಪಿಸಿ ಗಂಟಲಿಗೆ ಟ್ಯೂಬ್ ಹಾಕಿದ್ರೆ ನಿಮ್ಮ ಶ್ವಾಸಕೋಶ ತಡ್ಕೊಳ್ಳುತ್ತೋ ಇಲ್ವೋ ಗೊತ್ತಿಲ್ಲಮ್ಮ. ಇದು ಇನ್ನೂ ಒಡೆದಿಲ್ಲ. ನೋಡೋಣ."

ನೋಡೋಣವಂತೆ! ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರಂತೆ, ಹಾಗಾಯಿತು ನನ್ನ ಕಥೆ. ಮೈ ಉರಿದುಹೋಯಿತು. "ನಿಮಗೆ ರೋಗ ಅಂಟುತ್ತೆ ಅಂತ ಹೆದರಿಕೆ. ನೆಟ್ಟಗೆ ಅದನ್ನೇ ಹೇಳಿ ಸರ್" ಎಂದೆ. ಅವರು ಹತ್ತಿರ ಬಂದು ಹೊಟ್ಟೆ ಒತ್ತಿ ನೋಡಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಎರಡು ದಿನದ ನಂತರ ಗಾರೆ ಕೆಲಸದವನೊಬ್ಬನನ್ನು ಕರೆತಂದರು. ಅವನಿಗೂ ಕೊರೊನಾ, ಅವನಿಗೂ ಅಪೆಂಡಿಕ್ಸ್. ಅವನಿಗೆ ಸರ್ ಆಪರೇಷನ್ ಮಾಡಿದರು! ಕೇಳಿದರೆ, "ಅವನದು ಒಡೆದಿತ್ತು ಕಣಮ್ಮ, ಬೇರೆ ದಾರಿ ಇರಲಿಲ್ಲ" ಎಂದರು. ಹಾಗಾದರೆ ನನ್ನದೂ ಒಡೆಯಲಿ ಎಂದು ಕಾಯುತ್ತಿದ್ದಾರೆ ಎಂದು ಹಲ್ಲು ಕಚ್ಚಿಕೊಂಡು ಮಲಗಿದೆ. ದಿನಾ ಬೆಳಿಗ್ಗೆ ಅವರೇ ಬಂದು ಹೊಟ್ಟೆ ಒತ್ತಿ ನೋಡುತ್ತಿದ್ದರು. ಐದನೆಯ ದಿನ ಜ್ವರ ಇಳಿಯಿತು, ಗಂಜಿ ಸೇರಿತು. ಒಂಬತ್ತನೆಯ ದಿನ ಮಾತ್ರೆಯ ಪೊಟ್ಟಣ ಹಿಡಿದು ಕುಂಬಾರಕೊಪ್ಪಲಿನ ನಮ್ಮ ಮನೆಯೊಳಕ್ಕೆ ನಡೆದುಕೊಂಡೇ ಹೋದೆ. ಬದುಕಿದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಸರ್‌ಗೆ ಒಂದು ಫೋನ್ ಕೂಡ ಮಾಡಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನದಿಂದ ನನ್ನ ಸೇಡು ಶುರುವಾಯಿತು. ಸರ್ ಕೈ ಚಾಚಿದರೆ ಸುಮ್ಮನೆ ನಿಲ್ಲುತ್ತಿದ್ದೆ. ಏನು ಬೇಕೆಂದು ಗೊತ್ತಿದ್ದೂ, ಅವರು ಬಾಯಿಬಿಟ್ಟು ಹೆಸರು ಹೇಳುವವರೆಗೆ ಕೊಡುತ್ತಿರಲಿಲ್ಲ. ರೋಗಿಗೆ ತೊಂದರೆಯಾಗುವಷ್ಟು ತಡ ಮಾಡುತ್ತಿರಲಿಲ್ಲ, ಅಷ್ಟು ಪಾಪಿಯಲ್ಲ ನಾನು. ಸರ್‌ಗೆ ಚುಚ್ಚುವಷ್ಟು ಮಾತ್ರ. ಮೊದಲ ದಿನ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನೋಡುವುದನ್ನೂ ಬಿಟ್ಟು, "ಕತ್ತರಿ", "ದಾರ" ಎಂದು ಒಂದೊಂದನ್ನೇ ಕೇಳಿ ಪಡೆಯತೊಡಗಿದರು. ಟ್ರೇಯಲ್ಲಿ ಬಿದ್ದದ್ದನ್ನು ಬೈಯುವುದನ್ನೂ ನಿಲ್ಲಿಸಿದ್ದರು. ಅದನ್ನು ನಾನು ಗಮನಿಸಿದೆ, ಯಾಕೆಂದು ಯೋಚಿಸಲಿಲ್ಲ. ಗೆದ್ದವಳ ಹಾಗೆ ಓಡಾಡಿಕೊಂಡಿದ್ದೆ. ವರ್ಷ ತುಂಬುವುದರೊಳಗೆ ಅವರು ಆಪರೇಷನ್ನೇ ಸಾಕೆಂದು ಮನೆಯಲ್ಲಿ ಕುಳಿತರು.

ಇಷ್ಟಾದರೂ ನನ್ನ ಹೊಟ್ಟೆಯುರಿ ತಣ್ಣಗಾಗಲಿಲ್ಲ. ಅದರ ಮುಂದಿನ ಸಂಕ್ರಾಂತಿಗೆ ಎಳ್ಳುಬೆಲ್ಲದ ನೆಪ ಮಾಡಿಕೊಂಡು ಸಿದ್ಧಾರ್ಥನಗರದ ಅವರ ಮನೆಗೆ ಹೋದೆ. ಸರ್ ಜಗುಲಿಯ ಬಿಸಿಲಿನಲ್ಲಿ ಕುಳಿತಿದ್ದರು, ಇಳಿದುಹೋಗಿದ್ದರು. ಕಬ್ಬು, ಎಳ್ಳಿನ ಪೊಟ್ಟಣ ಕೈಗೆ ತೆಗೆದುಕೊಂಡು, "ಎಳ್ಳು ತಿಂದು ಒಳ್ಳೆ ಮಾತಾಡ್ಬೇಕಂತೆ. ಆಡಿ ನಾಗರತ್ನಮ್ಮ, ನಿಮ್ಮ ಮಾತು ಕೇಳಿ ಬಹಳ ದಿನ ಆಯ್ತು" ಎಂದು ನಕ್ಕರು.

ದಾರಿಯುದ್ದಕ್ಕೂ ಮಸೆದುಕೊಂಡು ಬಂದದ್ದನ್ನು ಎಸೆದೆ. "ನನಗೆ ಇಂಜೆಕ್ಷನ್ನೇ ಸಾಕಾಯ್ತು ಅಂದ್ಮೇಲೆ ಹದಿನೆಂಟು ವರ್ಷ ಯಾಕೆ ಸರ್ ನನ್ನ ಕೈಲಿ ಟ್ರೇ ಹಿಡಿಸಿದ್ರಿ? ಬಂದವರಲ್ಲಿ ಎಷ್ಟು ಜನರ ಹೊಟ್ಟೆ ಸುಮ್ಸುಮ್ನೆ ಕುಯ್ದ್ರಿ?"

ಸರ್ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕೋಪಿಸಿಕೊಂಡಿದ್ದರೆ ನನಗೆ ಖುಷಿಯಾಗುತ್ತಿತ್ತು. ಅವರು ಅಂಗೈಗೆ ಸುರಿದುಕೊಂಡಿದ್ದ ಎಳ್ಳನ್ನು ಮತ್ತೆ ಪೊಟ್ಟಣಕ್ಕೆ ಹಾಕಿದರು.

"ನಮ್ಮೂರಲ್ಲಿ ಒಬ್ಬ ಕಾಂಪೌಂಡರ್ ಇದ್ದ" ಎಂದರು. "ಪೆನಿಸಿಲಿನ್ ಸೂಜಿ ಹಾಕ್ತಿದ್ದ. ಅಕ್ಕನಿಗೆ ನೋವು ಬಂದ ಎರಡನೇ ದಿನ, ಯಾರೂ ಕರೀದೆ ತಾನೇ ಪೆಟ್ಟಿಗೆ ಹಿಡ್ಕೊಂಡು ನಮ್ಮ ಜಗುಲಿವರೆಗೂ ಬಂದಿದ್ದ. ಅಪ್ಪನಿಗೂ ಅವನಿಗೂ ಹೊಲದ ಬದುವಿನ ಜಗಳ. ಅಪ್ಪ ಬಾಗಿಲು ಹಾಕ್ಕೊಂಡ್ಬುಟ್ರು. ನಾನು ಕಿಟಕೀಲಿ ನೋಡ್ತಾ ನಿಂತಿದ್ದೆ. ಸಾಯೋ ಕಾಲದಲ್ಲಿ ಅಪ್ಪ ನನ್ನ ಕೈ ಹಿಡ್ಕೊಂಡು ಕೇಳಿದ್ರು, ಅವತ್ತು ಬಾಗಿಲು ತೆಗೆದಿದ್ರೆ ಮಗು ಉಳೀತಿತ್ತೇನಪ್ಪಾ ಅಂತ. ಇಲ್ಲಪ್ಪಾ, ಆಪರೇಷನ್ ಬಿಟ್ರೆ ಬೇರೆ ದಾರೀನೇ ಇರ್ಲಿಲ್ಲ ಅಂದೆ. ಅವರಿಗೆ ಅಂದಿದ್ದನ್ನ ನಾನೂ ನಂಬ್ಕೊಂಡೆ. ಈಗ ನೀವು ನನ್ನ ಮುಂದೆ ಬದುಕಿ ಕೂತಿದ್ದೀರಿ."

ಆ ಕ್ಷಣ ನನ್ನ ಬಾಯಲ್ಲಿ ಒಂದು ಮಾತು ಇತ್ತು. ಎಲ್ಲ ಅಪೆಂಡಿಕ್ಸೂ ಸೂಜಿಗೆ ಬಗ್ಗುವುದಿಲ್ಲ. ಹರಳೆಣ್ಣೆ ಕುಡಿಸಿ ಒಂದು ದಿನ ಕಳೆದ ಮೇಲೆ, ಆ ಹಳ್ಳಿಯ ಸೂಜಿಯೊಂದು ಅಕ್ಕನನ್ನು ಉಳಿಸುತ್ತಿತ್ತು ಎಂದು ಯಾವ ಡಾಕ್ಟರೂ ಆಣೆ ಮಾಡಿ ಹೇಳಲಾರ. ಸರ್‌ಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಗೊತ್ತಿರುವುದನ್ನೇ ಇನ್ನೊಬ್ಬರು ಹೇಳಲಿ ಎಂದು ಮನುಷ್ಯ ಆಸೆ ಪಡುತ್ತಾನೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಹೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದ ಆ ಒಂಬತ್ತು ದಿನ ನೆನಪಾಯಿತು. ಇವರೂ ಸ್ವಲ್ಪ ದಿನ ನರಳಲಿ, ಆಮೇಲೆ ಒಂದು ದಿನ ಬಂದು ಹೇಳಿದರಾಯಿತು ಅನ್ನಿಸಿತು. ಕಾಫಿ ಕುಡಿದು, "ಬರ್ತೀನಿ ಸರ್" ಎಂದು ಎದ್ದೆ. ಅವರು ಗೇಟಿನ ತನಕ ಬಂದರು.

ಯುಗಾದಿಗೆ ವಾರ ಇರುವಾಗ ಸರ್ ಎದೆನೋವಿನಲ್ಲಿ ತೀರಿಕೊಂಡರು. ಆ ಎರಡು ತಿಂಗಳಲ್ಲಿ ನಾನು ಎಷ್ಟೋ ಸಲ ಸಿದ್ಧಾರ್ಥನಗರದ ಮೇಲೆಯೇ ಬಸ್ಸಿನಲ್ಲಿ ಹೋಗಿದ್ದೆ. ಒಂದು ಸಲವೂ ಇಳಿಯಲಿಲ್ಲ.