ಹಡಗಿನ ಹೊಟ್ಟೆಯ ಗಂಟೆ

ಗೋವಾದ ಸಡಾದಲ್ಲಿ ನನ್ನ ಅಣ್ಣನನ್ನು ಈಗ ಕಿವುಡ ಸಂಗಣ್ಣ ಎನ್ನುತ್ತಾರೆ. ಅನ್ನುವವರ ಬಾಯಿಗೆ ಮಣ್ಣು ಬೀಳಲಿ. ಓಣಿಯ ತುದಿಯಲ್ಲಿ ಯಾರಾದರೂ ಚಹಾದ ಲೋಟ ಇಟ್ಟರೂ ಅವನಿಗೆ ಕೇಳಿಸುತ್ತದೆ.

ಅಣ್ಣ ಬಂದರಿನ ಕೂಲಿ. ಕಲ್ಲಿದ್ದಲಿನ ಹಡಗಿನ ಹೊಟ್ಟೆಗೆ ಇಳಿದು, ಕ್ರೇನಿನ ಬಕೆಟ್ಟಿಗೆ ಸಿಗದೆ ಮೂಲೆಯಲ್ಲಿ ಉಳಿದದ್ದನ್ನು ನಡುವಿಗೆ ಎಳೆಯುವ ಕೆಲಸ. ಬಕೆಟ್ಟು ಇಳಿಯುವ ಮೊದಲು ನನ್ನ ಗಂಡ ಸೋಮು ಮೇಲಿನಿಂದ ಬಗ್ಗಿ “ಸರೀರ್ಯೋ” ಎಂದು ಕೂಗುತ್ತಿದ್ದ. ಕೆಳಗಿನವರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಸೋಮು ಮಹಾ ಮೈಗಳ್ಳ, ಅದನ್ನು ನಾನೇ ಹೇಳುತ್ತೇನೆ. ಆದರೆ ಒಂದು ಕೂಗನ್ನೂ ತಪ್ಪಿಸಿದವನಲ್ಲ.

ಅಣ್ಣನ ಮಗಳು ಗೀತಾಂಜಲಿ ಕಂಪ್ಯೂಟರ್ ಕಲಿತು ವಾಸ್ಕೋದ ಒಂದು ಸಣ್ಣ ಆಫೀಸಿನಲ್ಲಿ ವೆಬ್ ಪುಟ ಮಾಡುವ ಕೆಲಸಕ್ಕೆ ಸೇರಿದಳು. 2008ರಲ್ಲಿ ಅಣ್ಣನ ಗುತ್ತಿಗೆದಾರನೇ ಆ ಆಫೀಸಿನವರಿಂದ ಒಂದು ಪುಟ ಮಾಡಿಸಿದ. ಬಕೆಟ್ಟು ಇಳಿಸುವ ಮೊದಲು ಕ್ರೇನಿನವನು ತನ್ನ ಕ್ಯಾಬಿನ್ನಿನಲ್ಲಿ ಒಂದು ಗುಂಡಿ ಒತ್ತಿದರೆ, ಹಡಗಿನ ಬಾಯಿಯ ಬಳಿ ಇಟ್ಟ ಕಂಪ್ಯೂಟರಿನಲ್ಲಿ ಪುಟದ ಒಂದು ತುಂಡು ಕೆಂಪಾಗಿ ದೊಡ್ಡ ಸ್ಪೀಕರಿನಲ್ಲಿ ಗಂಟೆ ಹೊಡೆಯಬೇಕು. ನೆಟ್ ನಿಧಾನ, ಆದ್ದರಿಂದ ಇಡೀ ಪುಟ ಮತ್ತೆ ಬರುವುದಿಲ್ಲ. ಬದಲಾದ ತುಂಡಷ್ಟೇ ಬಂದು ಕೂರುತ್ತದೆ. ಅಣ್ಣ “ನನ್ನ ಮಗಳ ಗಂಟಿ” ಎಂದು ಬಂದರಿನ ತುಂಬ ಹೇಳಿಕೊಂಡು ತಿರುಗಿದ. ಗಂಟೆ ಬಂದ ಮೇಲೆ ಕೂಗುವವನು ಯಾಕೆಂದು ಸೋಮುವನ್ನು ಬಂದರಿನ ಹೊರಗೆ ಬೇರೆ ಕೆಲಸಕ್ಕೆ ಹಾಕಿದರು.

ಗಂಟೆ ಶುರುವಾಗುವ ಹಿಂದಿನ ದಿನ, ಭಾನುವಾರ, ಗೀತಾ ನಮ್ಮ ಮನೆಗೆ ಬಂದಳು. ಕೂರುವ ಮೊದಲೇ ಹೇಳಿದಳು.

“ಅತ್ತಿ, ಗಂಟಿ ಮೊದಲನೇ ಸಲ ಅಷ್ಟ ಹೊಡಿತೈತಿ. ಆಮ್ಯಾಲ ಹೊಡ್ಯಾಂಗಿಲ್ಲ.”

“ಮೊದಲ ನೋಡಿರಲಿಲ್ಲೇನವಾ?”

“ನೋಡಿದ್ನಿ. ಪ್ರತಿ ಸಲ ಪುಟ ಹೊಸದಾಗಿ ತಗದು ನೋಡ್ತಿದ್ನಿ. ಅಲ್ಲಿ ದಿನಾಪೂರ್ತಿ ಒಂದ ಪುಟ ತಗದ ಇಟ್ಟಿರ್ತಾರ.”

ನನಗೆ ತಿಳಿಯಲಿಲ್ಲ. ಅವಳು ಬಾಯ್ನಾದಲ್ಲಿದ್ದ ನಮ್ಮ ಹಳೆಯ ಮನೆಯನ್ನು ನೆನಪಿಸಿದಳು. ಅದನ್ನು ಕೆಡವಿದಾಗ ಬಾಗಿಲಿನ ಜೊತೆ ತೋರಣವೂ ಹೋಗಿತ್ತು. ಸಡಾದ ಹೊಸ ಬಾಗಿಲಿಗೆ ನಾವೇ ಬೇರೆ ಕಟ್ಟಬೇಕಾಯಿತು. ಅವಳು ಗಂಟೆ ಕಟ್ಟಿದ್ದು ಪುಟದ ಹಳೆಯ ತುಂಡಿಗೆ. ಹೊಸ ತುಂಡು ಬಂದಾಗ ಹಳೆಯದು ಗಂಟೆಯ ಸಮೇತ ಹೋಗಿಬಿಡುತ್ತದೆ. ತುಂಡು ಬಂದಾಗಲೆಲ್ಲ ಮತ್ತೆ ಕಟ್ಟು ಎಂದು ಒಂದು ಸಾಲು ಬರೆಯಬೇಕಿತ್ತು.

“ಹಂಗಾರ ಬರದ ಹಾಕು, ಮತ್ತೇನ?”

“ನಮ್ಮ ಆಫೀಸಿನ ಸಾಹೇಬ್ರು ಬ್ಯಾಡಂದ್ರು. ಈಗ ಮುಟ್ಟಿದ್ರ ತಪ್ಪು ನಮ್ದ ಅಂತ ಗೊತ್ತಾಗ್ತೈತಿ, ಮುಂದಿನ ವಾರ ಸುಮ್ನ ಹಾಕೂಣು ಅಂದ್ರು. ಪಾಸ್‌ವರ್ಡ್ ಅವರ ಹಂತ್ಯಾಕ ಐತ್ರಿ ಅತ್ತಿ.”

ಆ ಸಾಹೇಬನನ್ನೇ ಹಡಗಿನ ಹೊಟ್ಟೆಗೆ ಇಳಿಸಬೇಕಿತ್ತು.

ಇಬ್ಬರೂ ಅಣ್ಣನ ಹತ್ತಿರ ಹೋಗಿ ನಾಳೆ ಇಳಿಯಬೇಡ ಎಂದೆವು. ಅವನು ರೊಟ್ಟಿ ಮುರಿಯುತ್ತಲೇ ಕೇಳಿಸಿಕೊಂಡ.

“ಇಳ್ಯಾಂಗಿಲ್ಲ ಅಂದ್ರ ಯಾಕ ಅಂತ ಕೇಳ್ತಾರ. ಯಾಕ ಅಂತ ಹೇಳಿದ್ರ ನಿನ್ನ ನೌಕರಿ ಹೋಗ್ತೈತಿ. ನಾ ಮ್ಯಾಲ ನೋಡ್ಕೋತ ಇರ್ತೀನಿ, ಬಿಡು.”

ಪ್ರತಿ ಸಲ ಪುಟ ಹೊಸದಾಗಿ ತೆಗೆಯಿರಿ ಎಂದು ಅಲ್ಲಿನವರಿಗೆ ಹೇಳಲು ಗೀತಾ ಬೆಳಿಗ್ಗೆ ತಾನೇ ಬಂದರಿನ ಗೇಟಿಗೆ ಹೋದಳು. ಪಾಸ್ ಇಲ್ಲವೆಂದು ಒಳಗೆ ಬಿಡಲಿಲ್ಲ.

ಆ ದಿನ ಗಂಟೆ ಒಮ್ಮೆ ಹೊಡೆಯಿತು. ಹೊಡೆದ ಕೂಡಲೇ ಅಣ್ಣ ಜೊತೆಯವರನ್ನೆಲ್ಲ ಮೇಲೆ ಕಳಿಸಿದ, ಉಳಿದದ್ದನ್ನು ತಾನೊಬ್ಬನೇ ಎಳೆಯುತ್ತೇನೆ ಎಂದ. ಮೇಲೆ ನೋಡುತ್ತಲೇ ಇದ್ದನಂತೆ. ಆ ಕಪ್ಪು ಧೂಳಿನಲ್ಲಿ ಏನು ಕಾಣುತ್ತದೆ? ಬಕೆಟ್ಟು ಸದ್ದಿಲ್ಲದೆ ಇಳಿಯಿತು. ಬಲಗೈ ಭುಜದಿಂದಲೇ ಹೋಯಿತು.

ಆಸ್ಪತ್ರೆಗೆ ಗುತ್ತಿಗೆದಾರನ ಮ್ಯಾನೇಜರ್ ಬಂದು, ಗಂಟೆ ಹೊಡೆಯಿತೋ ಇಲ್ಲವೋ ಎಂದು ಕೇಳಿದ. ಗೋಡೆಗೆ ಆತು ನಿಂತಿದ್ದ ಗೀತಾ ಮುಂದೆ ಬಂದಳು, ಹೇಳಲು ಬಾಯಿ ತೆರೆದಳು. ಅಣ್ಣ ಉಳಿದ ಕೈಯಿಂದ ಅವಳ ಮಣಿಕಟ್ಟು ಹಿಡಿದ.

“ಹೊಡೀತ್ರಿ,” ಎಂದ. “ನನಗ ಕೇಳಸಲಿಲ್ಲ. ಕಿವಿ ಮಂದ ಅದಾವ್ರಿ.”

ಮ್ಯಾನೇಜರನ ಮುಖ ಹಗುರಾಯಿತು. ತಪ್ಪು ಅಣ್ಣನದೇ ಎಂದಾಯಿತು. ಪರಿಹಾರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ವಾರ ಸಾಹೇಬ ಆ ಸಾಲು ಹಾಕಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಗಂಟೆ ಪ್ರತಿ ಸಲ ಹೊಡೆಯುತ್ತದಂತೆ. ಗೀತಾ ಅದೇ ಆಫೀಸಿನಲ್ಲಿದ್ದಾಳೆ, ಮನೆ ಅವಳ ಸಂಬಳದಲ್ಲೇ ನಡೆಯುತ್ತದೆ.

ಓಣಿಯಲ್ಲಿ ಯಾರು ಕರೆದರೂ ಅಣ್ಣ ಬೇಕಂತಲೇ ತಿರುಗುವುದಿಲ್ಲ. ಜನ ಇದ್ದರೆ ಗೀತಾ “ಅಪ್ಪಾ” ಅಂದರೂ ತಿರುಗುವುದಿಲ್ಲ. ಅವಳು ಎರಡನೆಯ ಸಲ ಕರೆಯುವುದಿಲ್ಲ. ಹತ್ತಿರ ಹೋಗಿ ಅವನ ಎಡಗೈ ಹಿಡಿದು ಮನೆಗೆ ಕರೆದುಕೊಂಡು ಬರುತ್ತಾಳೆ.