ಗೂಳಿಗೆ ನನ್ನ ಗಂಡ ಕಲಿಸಿದ ದಾರಿ

ನನ್ನ ಗಂಡನಿಗೆ ಮೂಗಿನ ತುದಿಯಲ್ಲೇ ಕೋಪ. ಕಮ್ಮಾರರು. ಅವರು ಬೈದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಪ್ರಾರ್ಥನೆ ಮಾಡಿದರೂ ಅಷ್ಟೇ. ಇಪ್ಪತ್ತು ವರ್ಷದಿಂದ ನಮ್ಮ ಚರ್ಚಿನ ಸಭೆಯ ಹಿರಿಯರು. ನಾನೂ ಏನು ಕಡಿಮೆಯವಳಲ್ಲ ಬಿಡಿ.

ಹೊಸ ಪಾಸ್ಟರ್ ಬಂದವರೇ ಒಂದು ನಿಯಮ ಮಾಡಿದರು. "ನೀರಲ್ಲಿ ಮುಳುಗಿಸಿ ಹೆಸರು ಬರ್ಕೊಂಡ್ರೆ ಮುಗೀತಾ? ಹೊಸಬ್ರು ಯಾರೇ ಬರ್ಲಿ, ಒಂದು ವರ್ಷ ಹಳೇ ವಿಶ್ವಾಸಿ ಒಬ್ರ ಜೊತೆ ಅವರ ಕೆಲಸದಲ್ಲೇ ಇರ್ಬೇಕು. ಅವರು ಬದುಕೋದು ನೋಡಿ ಯೇಸುವಿನ ಶಿಷ್ಯರಾಗೋದು ಕಲೀಬೇಕು. ದೀಕ್ಷಾಸ್ನಾನ ಆಮೇಲೆ." ಎಲ್ಲರೂ ನೆಲ ನೋಡುತ್ತಾ ಕೂತಿದ್ದಾಗ ನಮ್ಮನೆಯ ಈ ಮಹಾನುಭಾವರು ಎದ್ದು ನಿಂತರು. "ಮುಂದಿನ ಭಾನುವಾರ ಈ ಬಾಗಿಲಲ್ಲಿ ಮೊದಲು ಬರೋ ಹೊಸಬ ನನ್ನೋನು. ಯಾರಾದ್ರೂ ಸರಿ!"

ಬಂದವನು ಗೂಳಿ, ಊರವರು ಅವನಿಗಿಟ್ಟ ಅಡ್ಡಹೆಸರು ಅದು. ಮಾರ್ಕೆಟ್ಟಿನ ಜಗಳದಲ್ಲಿ ನನ್ನ ತಮ್ಮನ ತಲೆಯನ್ನು ಪೈಪಿನಿಂದ ಒಡೆದು ಕೊಂದವನು. ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದಿದ್ದ. ನನ್ನ ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ಅವನ ಮುಖಕ್ಕೆ ಬೀಸಿ ಒಗೆದೆ. ಹುಬ್ಬು ಹರಿದು ರಕ್ತ ಬಂತು. ಅವನು ಬಗ್ಗಿ ಪುಸ್ತಕ ಎತ್ತಿ ಬೆಂಚಿನ ಮೇಲಿಟ್ಟ. ಪಾಸ್ಟರ್ ಬೇರೆ ಊರಿನವರು, ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, "ಬೇಡ, ಬೇರೆಯವರಿಗೆ ಒಪ್ಪಿಸ್ತೀನಿ" ಎಂದರು. "ಮಾತು ಕೊಟ್ಟಾಗಿದೆ" ಎಂದರು ನನ್ನ ಗಂಡ. ಮನೆಗೆ ಬಂದು ನಾನು ಹೇಳಿದೆ: "ಕರ್ಕೊಂಡೇ ಬನ್ರೀ. ನಿಮ್ಮ ಕೈಲೇ ಸಾಯ್ಲಿ."

ಕುಲುಮೆಯ ಕೆಲಸ ಇಬ್ಬರದು. ಇವರು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಚಿಕ್ಕ ಸುತ್ತಿಗೆಯಿಂದ ಒಂದು ಕಡೆ ತಟ್ಟುತ್ತಾರೆ. ಎದುರಿಗೆ ನಿಂತವನು ಸರಿಯಾಗಿ ಅಲ್ಲಿಗೇ ದೊಡ್ಡ ಸುತ್ತಿಗೆ ಹಾಕಬೇಕು. ಗೂಳಿಯ ಏಟು ಬೆರಳಗಲ ಆಚೆ ಬಿದ್ದರೆ ಇಕ್ಕಳದ ಹಿಡಿ ಅವನ ಬೆನ್ನಿಗೆ ಬೀಳುತ್ತಿತ್ತು. ಮೊದಲನೇ ದಿನವೇ, "ಅದನ್ನ ಎತ್ತಿ ಕೊಡೋ" ಎಂದು ಒಂದು ಸರಳು ತೋರಿಸಿದರಂತೆ. ಕೆಂಪು ಇಳಿದು ಕಪ್ಪಾದ ಕಬ್ಬಿಣದಲ್ಲೂ ಬೆಂಕಿ ಇರುತ್ತದೆಂದು ಹೊಸಬರಿಗೆ ಎಲ್ಲಿ ಗೊತ್ತು? ಅಂಗೈಯ ಚರ್ಮ ಸರಳಿಗೇ ಅಂಟಿಕೊಂಡಿತು. ಇನ್ನೊಂದು ದಿನ ಒದ್ದ ಏಟಿಗೆ ಪಕ್ಕೆಲುಬು ಮುರಿಯಿತು. ಪ್ರತಿ ಏಟಿನ ಮೇಲೂ ಬೈಬಲಿನ ಒಂದು ವಚನ, ಕೆಲಸ ಮುಗಿದ ಮೇಲೆ ಇಬ್ಬರೂ ಮೊಣಕಾಲೂರಿ ಪ್ರಾರ್ಥನೆ.

ದಿನಾ ಊಟಕ್ಕೆ ಬಡಿಸುವಾಗ ನಾನು ಕೇಳುತ್ತಿದ್ದೆ, "ಇವತ್ತು ಏನು ಕೊಟ್ರಿ ಅವನಿಗೆ?" ಅವರು ಹೇಳುತ್ತಿದ್ದರು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಒಂದು ದಿನ ಏನೂ ಇಲ್ಲವೆಂದಾಗ, "ನನ್ನ ತಮ್ಮ ಅಷ್ಟು ಬೇಗ ಮರೆತುಹೋದ್ನಾ?" ಎಂದು ತಟ್ಟೆ ಕುಕ್ಕಿದೆ. ಮಾರನೇ ದಿನ ಗೂಳಿಯ ಮುಂದಿನ ಎರಡು ಹಲ್ಲು ಹೋದವು.

ಅವನ ಕೈಯಲ್ಲಿ ಅಷ್ಟು ದೊಡ್ಡ ಸುತ್ತಿಗೆ ಇತ್ತು, ಒಂದು ಸಲವೂ ತಿರುಗಿಸಿ ಎತ್ತಲಿಲ್ಲ. ಯಾರಾದರೂ ಗಾಯ ನೋಡಿ ಕೇಳಿದರೆ, "ಕಲೀತಿದೀನಿ" ಎನ್ನುತ್ತಿದ್ದ. ಕುಲುಮೆ ಎಂದ ಮೇಲೆ ಗಾಯ ಇದ್ದದ್ದೇ ಎಂದುಕೊಂಡರು ಜನ. ಆರು ತಿಂಗಳಲ್ಲಿ ಎಷ್ಟು ತಗ್ಗಿಬಿಟ್ಟಿದ್ದಾನೆ ಎಂದು ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ಪಾಸ್ಟರಿಗಂತೂ ಎಲ್ಲಿಲ್ಲದ ಖುಷಿ. ವರ್ಷ ತುಂಬದಿದ್ದರೂ, ಕುಡಿತ ಬಿಟ್ಟು ಹೊಸದಾಗಿ ಬಂದಿದ್ದ ಒಬ್ಬ ಹಮಾಲಿಯನ್ನು ಗೂಳಿಯ ಕೈಗೇ ಒಪ್ಪಿಸಿದರು.

ಮೂರನೇ ದಿನ ಮಧ್ಯಾಹ್ನ ಕುಲುಮೆಯಿಂದ ಕಿರುಚಾಟ ಕೇಳಿ ಓಡಿದೆ. ಹಮಾಲಿ ನೆಲದ ಮೇಲೆ ಹೊರಳಾಡುತ್ತಿದ್ದ. ಇಕ್ಕಳ ಕೊಡುವುದು ತಡವಾಯಿತೆಂದು ಗೂಳಿ ಅವನ ಕೈಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದು ಸುತ್ತಿಗೆಯಿಂದ ಜಜ್ಜಿದ್ದ. ಎರಡು ಬೆರಳು ನುಜ್ಜುಗುಜ್ಜು. ಹೊರಗೆ ಹೋಗಿದ್ದ ನನ್ನ ಗಂಡ ಅಷ್ಟರಲ್ಲಿ ಬಂದವರು ಗೂಳಿಯ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದರು.

"ಯಾಕೋ ಪಾಪಿ? ಯಾಕೋ?"

ಗೂಳಿಗೆ ನಿಜವಾಗಲೂ ಅರ್ಥವಾಗಲಿಲ್ಲ. "ಯಾಕಣ್ಣಾ ಬೈತೀರಾ? ನೀವು ನನ್ನ ತಿದ್ದಿದ್ದು ಹೀಗೇ ಅಲ್ವಾ? ವಚನಾನೂ ಹೇಳ್ದೆ ಅಣ್ಣಾ. ಯೇಸುವಿನ ದಾರಿ ಅಂದ್ರೆ ಇದೇ ಅಂದ್ಕೊಂಡಿದ್ದೆ. ಜೈಲಲ್ಲೂ ಹೀಗೇ ಇತ್ತು, ಪ್ರಾರ್ಥನೆ ಒಂದು ಇರ್ಲಿಲ್ಲ ಅಷ್ಟೇ."

ನನ್ನ ಗಂಡ ಅವನ ಕುತ್ತಿಗೆ ಬಿಟ್ಟರು. ಹೆಗಲ ಮೇಲಿನ ಬಟ್ಟೆ ತೆಗೆದು ಹಮಾಲಿಯ ಕೈಗೆ ಸುತ್ತಿದರು.

ಭಾನುವಾರ ಸಭೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಸರಳು, ಪಕ್ಕೆಲುಬು, ಹಲ್ಲು, ಒಂದನ್ನೂ ಬಿಡಲಿಲ್ಲ. "ಶಿಷ್ಯನ್ನ ಮಾಡು ಅಂದ್ರಿ. ಮಾಡ್ದೆ. ಆದ್ರೆ ಅವನು ನನ್ನ ಶಿಷ್ಯ ಆದ, ಯೇಸುವಿನ ಶಿಷ್ಯ ಆಗ್ಲಿಲ್ಲ. ಆ ಬೆರಳು ಜಜ್ಜಿದ್ದು ನಾನೇ." ನನ್ನ ಹೆಸರು ಮಾತ್ರ ಅವರ ಬಾಯಲ್ಲಿ ಬರಲಿಲ್ಲ. ಅದು ನನ್ನನ್ನು ಸುಟ್ಟಿತು. ನಾನು ಎದ್ದೆ. "ದಿನಾ ಏನು ಕೊಟ್ರಿ ಅಂತ ಕೇಳ್ತಿದ್ದೋಳು ನಾನು. ಸಾಕು ಅಂತ ಒಂದಿನಾನೂ ಅನ್ಲಿಲ್ಲ."

ಹಮಾಲಿಯ ಹೆಂಡತಿ ಹಿಂದಿನ ಸಾಲಿನಿಂದ ಎದ್ದು ಬಂದು ನನ್ನ ಕಪಾಳಕ್ಕೆ ಬಾರಿಸಿದಳು. ಇನ್ನೊಂದು. ಮತ್ತೊಂದು. ತುಟಿ ಒಡೆದು ಬಾಯಲ್ಲಿ ರಕ್ತ. ಗೂಳಿ ಬಿಡಿಸಲು ಬಂದ, ಬೇಡವೆಂದು ತಡೆದೆ. ಆಮೇಲೆ ಅವಳ ಕೈ ಹಿಡಿದು, "ನಿಮ್ಮ ಯಜಮಾನ್ರು ಮತ್ತೆ ಮೂಟೆ ಹೊರೋವರೆಗೂ ನಿಮ್ಮನೆ ಕೆಲಸವೆಲ್ಲ ನಾನು ಮಾಡ್ತೀನಿ ಕಣಮ್ಮ" ಎಂದೆ.

ಅವಳು ಕೈ ಕಿತ್ತುಕೊಂಡಳು. "ಇವನು ಕುಡೀತಿದ್ದಾಗ ನನ್ನ ಹೊಡೀತಿದ್ದ, ಆದ್ರೆ ಕೈ ನೆಟ್ಟಗಿತ್ತು. ನಿಮ್ಮ ದೇವರು, ನಿಮ್ಮ ಶಿಷ್ಯತ್ವ ನಿಮಗೇ ಇರ್ಲಿ. ನಮ್ಮ ಮನೆ ಕಡೆ ತಲೆ ಹಾಕ್ಬೇಡಿ."

ಗಂಡನನ್ನು ಎಬ್ಬಿಸಿಕೊಂಡು ಹೊರಟುಹೋದಳು. ಆಮೇಲೆ ಮೂರು ಸಲ ಅವರ ಮನೆಗೆ ಹೋದೆವು, ನಾನು, ನನ್ನ ಗಂಡ, ಗೂಳಿ. ಮೂರು ಸಲವೂ ಬಾಗಿಲು ತೆರೆಯಲಿಲ್ಲ. ಒಳಗೆ ಹಮಾಲಿ ಮತ್ತೆ ಕುಡಿದು ಕೂಗಾಡುವುದು, ಅವಳು ಅಳುವುದು ಬೀದಿಗೆ ಕೇಳಿಸುತ್ತಿತ್ತು.